ಒಂದು 'ನು', ಒಂದು 'ರು'

ನಲವತ್ತೊಂದು ಕಡೆ ತಿದ್ದಿದ್ದೆ. ಲೆಕ್ಕ ಇನ್ನೂ ನೆನಪಿದೆ, ಯಾಕೆಂದರೆ ಮರುದಿನ ಆ ನಲವತ್ತೊಂದನ್ನೂ ನಾನೇ ನಿಂತು ವಾಪಸು ಹಾಕಿಸಬೇಕಾಯಿತು.

1972ರ ಮಳೆಗಾಲ. ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದವನಿಗೆ ಮಂಗಳೂರಿನ ಒಂದು ಸಣ್ಣ ಅಚ್ಚುಕೂಟದಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತ್ತು. ತಲೆಯಲ್ಲಿ ಕೇಶಿರಾಜ, ಜೇಬಿನಲ್ಲಿ ಕೆಂಪು ಪೆನ್ಸಿಲು. ನಮ್ಮ ಸಭೆಯ ಸಂಡೇ ಸ್ಕೂಲಿಗೆಂದು ಆದಿಕಾಂಡದ ಪಾಠಗಳ ಪುಸ್ತಿಕೆಯೊಂದು ಅಚ್ಚಿಗೆ ಬಂದಿತ್ತು. ಗ್ಯಾಲಿ ಪ್ರೂಫಿನ ಒದ್ದೆ ಹಾಳೆ ಹಿಡಿದು ಓದತೊಡಗಿದರೆ ಮೊದಲ ಸಾಲಿನಲ್ಲೇ ಎಡವಿದೆ. ಕರ್ತೃಪದ 'ದೇವರು'. ಕ್ರಿಯಾಪದ ನೋಡಿದರೆ 'ನು'ವಿನಲ್ಲಿ ಮುಗಿಯುತ್ತದೆ. ಮಾಡಿದನು, ನೋಡಿದನು, ಕರೆದನು. 'ಮೇಷ್ಟ್ರು ಬಂದನು' ಎಂದು ಬರೆದ ಹುಡುಗನಿಗೆ ಏನು ಗತಿಯೋ ಇದಕ್ಕೂ ಅದೇ ಎಂದುಕೊಂಡು, ಕಂಡ 'ನು'ಗಳನ್ನೆಲ್ಲ 'ರು' ಮಾಡಿದೆ. ತೊಟ್ಟಿಲಿನಿಂದ ಕೇಳಿಕೊಂಡು ಬಂದ ಸಾಲುಗಳೇ ಅವು. ಒಂದು ದಿನವೂ ಕಿವಿಗೆ ಚುಚ್ಚಿರಲಿಲ್ಲ.

ಮರುದಿನ ಪುಸ್ತಿಕೆ ಬರೆದ ಅಯ್ಯನವರೇ ಬಂದರು. ನಿವೃತ್ತ ಸಭಾಪಾಲಕರು, ಬಲ್ಮಠದ ಸೆಮಿನರಿಯಲ್ಲಿ ಓದಿದವರು. ಕೊಡೆಯನ್ನು ನೀರಿಳಿಯಲು ಬಾಗಿಲ ಮೂಲೆಗೆ ಒರಗಿಸಿ, ಒಳಗೆ ಬಂದು, "ಇದನ್ನು ತಿದ್ದಿದ ಪುಣ್ಯಾತ್ಮ ಯಾರು?" ಎಂದು ಕೇಳಿದರು. ಎದ್ದು ನಿಂತೆ. ಅವರು ಬೈಯಲಿಲ್ಲ, ಹಾಳೆಯನ್ನು ನನ್ನ ಮುಂದೆ ಹರಡಿದರು. ತಿದ್ದಿದ್ದು ಬೇಡ, ಮೊದಲಿದ್ದದ್ದೇ ಉಳಿಯಲಿ ಎನ್ನುವುದಕ್ಕೆ ನಮ್ಮ ಕಸುಬಿನಲ್ಲಿ ಒಂದು ಗುರುತುಂಟು: ಹೊಡೆದುಹಾಕಿದ ಅಕ್ಷರದ ಕೆಳಗೆ ಚುಕ್ಕಿ ಇಡುವುದು. ಅಯ್ಯನವರಿಗೆ ಆ ಗುರುತು ಗೊತ್ತಿರಲಿಲ್ಲ. ಅಂಚಿನಲ್ಲಿ ನಲವತ್ತೊಂದು ಸಲ, ಮೋಡಿಯಂಥ ಅಕ್ಷರದಲ್ಲಿ, 'ಇರಲಿ' 'ಇರಲಿ' ಎಂದು ಬರೆದಿದ್ದರು.

"ನಿನ್ನ ವ್ಯಾಕರಣ ಸರಿ ಮಾರಾಯ. ಆದರೆ ನಿನ್ನ ಅಜ್ಜಿ ಹೇಗೆ ಹೇಳ್ತಾರೆ? ದೇವರು ದೊಡ್ಡವನು ಅಂತಲಾ, ದೊಡ್ಡವರು ಅಂತಲಾ?"

ನಾನು ಬಾಯಿ ಬಿಡಲಿಲ್ಲ. ಅಜ್ಜಿ ಮಾತ್ರವಲ್ಲ, ಬಂದರಿನ ಬ್ಯಾರಿ ಸಾಹೇಬರೂ ಕದ್ರಿಯ ಭಟ್ಟರೂ ಹೇಳುವುದು 'ದೊಡ್ಡವನು' ಎಂದೇ. 'ದೇವರು' ಎನ್ನುವಾಗ ಗೌರವಕ್ಕೋ ಭಯಕ್ಕೋ ಬಹುವಚನ, ಮರುಕ್ಷಣ ಪಕ್ಕದಲ್ಲಿ ಕೂರಿಸಿಕೊಂಡ ಹಾಗೆ ಏಕವಚನ. ಕನ್ನಡ ನಾಲಿಗೆಗೆ ಅದರಲ್ಲಿ ಎಡವಟ್ಟೇ ಕಾಣುವುದಿಲ್ಲ.

ಆಮೇಲೆ ಅವರು ಹೀಬ್ರೂ ಹೇಳಿದರು. ಆ ಮೊದಲ ಸಾಲಿನಲ್ಲಿ ದೇವರಿಗಿರುವ ಮಾತು 'ಎಲೋಹೀಮ್'. 'ಈಮ್' ಎಂಬುದು ಆ ಭಾಷೆಯ ಬಹುವಚನದ ಬಾಲ. ಮುಂದಿನ ಕ್ರಿಯಾಪದ 'ಬಾರಾ', ಅಪ್ಪಟ ಏಕವಚನ. ನಮ್ಮ 'ರು' ಮತ್ತು 'ನು' ಅಲ್ಲಿಯೂ ಹಾಗೇ ಅಕ್ಕಪಕ್ಕ ಕೂತಿವೆ! ನನಗೆ ರೋಮಾಂಚನವಾಯಿತು. ಅಂದರೆ ಬೈಬಲಿನ ಮೊದಲ ಸಾಲಿನಲ್ಲೇ ತ್ರಿಯೇಕ ದೇವರು ಸಿಕ್ಕಿದ ಹಾಗಾಯಿತಲ್ಲ ಅಯ್ಯಾ ಎಂದೆ. ಅವರು ಬೆರಳೆತ್ತಿದರು.

"ಅಲ್ಲಿ ಮಾತ್ರ ಜಾರಬೇಡ. ಯೆಹೂದ್ಯರು ಆ ಪುಸ್ತಕವನ್ನು ನಮಗಿಂತ ಮೊದಲಿಂದ ಓದ್ತಾ ಬಂದವರು. ಅವರಿಗೆ ಅಲ್ಲಿ ಮೂರು ಕಾಣಲಿಲ್ಲ. ಅವರು ಅದನ್ನು ಮಹಿಮೆಯ ಬಹುವಚನ ಅಂತಾರೆ, ನಮ್ಮ 'ದೇವರು' ಇದ್ದ ಹಾಗೆ. ಒಂದು ಭಾಷೆಗೆ ದೇವರ ಹೆಸರು ಹೇಳುವಾಗ ಏಕವಚನ ಸಾಲದೆ ಹೋಯ್ತು, ಬಹುವಚನ ಹೆಚ್ಚಾಯ್ತು. ಅಷ್ಟು ನೋಡು, ಸಾಕು."

ಕಂಪೋಸಿಟರ್ ಅಣ್ಣ ನಲವತ್ತೊಂದು ಮೊಳೆ ಕಿತ್ತು ನಲವತ್ತೊಂದು ಮೊಳೆ ಕೂರಿಸುವಾಗ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅದಕ್ಕೆ ಮುಂಚೆ ತ್ರಿತ್ವದ ಬಗ್ಗೆ ನನಗೆ ಗೊತ್ತಿದ್ದದ್ದು ಮಂಜುಗಡ್ಡೆಯ ಪಾಠ ಒಂದೇ. ನನಗೆ ಒಂಬತ್ತೋ ಹತ್ತೋ ವರ್ಷ. ನಮ್ಮ ಸಂಡೇ ಸ್ಕೂಲಿನ ಟೀಚರು ಒಂದು ಭಾನುವಾರ ಗೋಣಿಯಲ್ಲಿ ಸುತ್ತಿದ ಮಂಜಿನ ತುಂಡು, ಒಂದು ತಂಬಿಗೆ ನೀರು, ಸೀಮೆಎಣ್ಣೆ ಸ್ಟವ್ವು ತಂದಿದ್ದರು. ಮಂಜೂ ನೀರೇ, ಆವಿಯೂ ನೀರೇ, ನೀರೂ ನೀರೇ. ಹಾಗೆ ತಂದೆ, ಮಗ, ಪವಿತ್ರಾತ್ಮ. ಆಗ ನಮ್ಮ ಕಡೆ ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ಮಂಜು ಬೇಕೆಂದರೆ ಧಕ್ಕೆಗೆ ಹೋಗಬೇಕು, ಮೀನಿಗೆ ಹಾಕುವ ಮಂಜು. ಗೋಣಿ ಬಿಚ್ಚಿದ್ದೇ ತಡ ಕ್ಲಾಸಿಡೀ ಬಂಗುಡೆಯ ವಾಸನೆ. ತುಂಡಿಗೆ ಅಂಟಿಕೊಂಡ ಒಂದೆರಡು ಹುರುಪೆ ಕಿಟಕಿಯ ಬೆಳಕಿಗೆ ಮಿಣಮಿಣ ಹೊಳೆಯುತ್ತಿದ್ದವು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ಟೀಚರ ಕಣ್ಣಲ್ಲಿ ನೀರು ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ಆರಕ್ಕೆ ಎದ್ದು ನಡೆದು ಹೋಗಿ ತಂದ ಮಂಜು ಅದು.

ಆ ಪಾಠ ಎಷ್ಟು ಚೆನ್ನಾಗಿ ತಲೆಗೆ ಹೋಯಿತೆಂದರೆ ಅದರಿಂದ ಬಿಡಿಸಿಕೊಳ್ಳಲು ಹದಿಮೂರು ವರ್ಷ ಬೇಕಾಯಿತು. ಅಯ್ಯನವರ ಮುಂದೆ ಅದನ್ನೇ ಒಪ್ಪಿಸಿದಾಗ ಅವರು ನಕ್ಕರು. ಒಬ್ಬನೇ ದೇವರು ಹೊತ್ತಿಗೊಂದು ವೇಷ ಹಾಕಿ ಬರುತ್ತಾನೆ ಎಂಬ ವಾದವನ್ನು ಮೂರನೆಯ ಶತಮಾನದಲ್ಲೇ ರೋಮಿನಲ್ಲಿ ಸಬೆಲ್ಲಿಯಸ್ ಎಂಬವನ ಹೆಸರಿಗೆ ಕಟ್ಟಿ ಸಭೆಯಿಂದ ಹೊರಗೆ ಹಾಕಿದ್ದರಂತೆ. ಯಕ್ಷಗಾನದಲ್ಲಿ ಒಬ್ಬನೇ ವೇಷಧಾರಿ ರಾತ್ರಿಯ ಮೊದಲಿಗೆ ಇಂದ್ರ, ನಡುರಾತ್ರಿಗೆ ರಾಕ್ಷಸ ಆಗಬಹುದು. ಆದರೆ ಯೋರ್ದಾನ್ ಹೊಳೆಯಲ್ಲಿ ಯೇಸು ದೀಕ್ಷಾಸ್ನಾನ ಮಾಡಿಸಿಕೊಳ್ಳುವ ಪ್ರಸಂಗ ಓದಿ ನೋಡು ಎಂದರು. ನೀರಿನಲ್ಲಿ ಮಗ, ಮೇಲಿಂದ ಇಳಿಯುವ ಪಾರಿವಾಳ, ಆಕಾಶದಿಂದ ಸ್ವರ, ಮೂವರೂ ಒಂದೇ ಹೊತ್ತಿಗೆ ರಂಗದ ಮೇಲೆ. ಚೌಕಿಗೆ ಹೋಗಿ ಬಣ್ಣ ಬದಲಿಸಲು ಪುರಸೊತ್ತೇ ಇಲ್ಲ. ಮುಂದೆ ನಾನು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾದ ಮೇಲೆ ಸಹೋದ್ಯೋಗಿ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಇದಕ್ಕೂ ತಕರಾರು ತೆಗೆದರು. 0.01 ಡಿಗ್ರಿ ಸೆಲ್ಸಿಯಸ್, ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲಿಗೂ ಕಡಿಮೆ ಒತ್ತಡ. ಅಲ್ಲಿ ಮಂಜು, ನೀರು, ಆವಿ ಮೂರೂ ಒಟ್ಟಿಗಿರುತ್ತವೆ ಎಂದು. ನಮ್ಮ ಟೀಚರಿಗೆ ಇದು ಗೊತ್ತಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ. ಆದರೂ ಒಂದೇ ಹನಿ ಮೂರೂ ಆಗಿರುವುದಿಲ್ಲವಲ್ಲ ಎಂದು ನಾನು ವಾದಿಸಿದೆ. ಅವರು ಟೀ ಲೋಟ ಕೆಳಗಿಟ್ಟು ತರಗತಿಗೆ ಹೋದರು.

ಇಂಥ ಉಪಮೆ ಬೇಕಾಗುತ್ತಿದ್ದದ್ದು ಯಾಕೆಂದರೆ ಶಾಲೆಯಲ್ಲಿ ಪ್ರಶ್ನೆ ಕೇಳುವವರು ಎರಡು ಕಡೆಯಿಂದಲೂ ಇದ್ದರು. ಬಲಗಡೆ ಕೂರುತ್ತಿದ್ದ ಗೆಳೆಯ, "ಹಾಗಾದ್ರೆ ನಿಮ್ಮಲ್ಲೂ ತ್ರಿಮೂರ್ತಿಗಳು ಅನ್ನು, ನಮ್ಮ ಹಾಗೇ," ಎಂದು ಖುಷಿಯಿಂದ ತಬ್ಬಿಕೊಳ್ಳಲು ಬರುತ್ತಿದ್ದ. ಎಡಗಡೆಯ ಬ್ಯಾರಿ ಗೆಳೆಯನಿಗೆ ನಿಜವಾದ ಮರುಕ: "ದೇವರಿಗೆ ಮಗ ಹೇಗೆ ಮಾರಾಯ? ಒಬ್ಬನಿಗೆ ಮೂರು ಲೆಕ್ಕ ಯಾಕೆ?" ಒಬ್ಬನಿಗೆ ನಾವು ಸಾಕಷ್ಟು ಒಂದಲ್ಲ, ಇನ್ನೊಬ್ಬನಿಗೆ ಸಾಕಷ್ಟು ಮೂರಲ್ಲ. ಇಬ್ಬರಿಗೂ ನಾನು ಮಂಜಿನ ತುಂಡನ್ನೇ ಕೊಟ್ಟು ಕಳಿಸುತ್ತಿದ್ದೆ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಸತ್, ಚಿತ್, ಆನಂದ ಎಂಬ ಮೂರು ಮಾತನ್ನು ಎತ್ತಿಕೊಂಡು ತ್ರಿತ್ವಕ್ಕೆ ಸಂಸ್ಕೃತದಲ್ಲಿ ಸ್ತುತಿ ಕಟ್ಟಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅದು ಸೊಗಸಾದದ್ದೇ. ಆದರೆ ಸಚ್ಚಿದಾನಂದ ನನ್ನ ಅಜ್ಜಿಯ ಅಡುಗೆಮನೆಯ ಮಾತಾಗಿರಲಿಲ್ಲ.

'ಇರಲಿ' ಪ್ರಸಂಗದ ನಂತರ ಶನಿವಾರ ಸಂಜೆ ಅಯ್ಯನವರ ಮನೆಗೆ ಹೋಗುವುದು ರೂಢಿಯಾಯಿತು. ಹೆಂಚಿನ ಮನೆ. ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿ, ನಡುವೆ ಸ್ಟೂಲಿನ ಮೇಲೆ ಕಿಟೆಲ್ ಕೋಶ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಕಿಟೆಲರು 1894ರಲ್ಲಿ ಹೊರತಂದ ಆ ಗ್ರಂಥ ಅಯ್ಯನವರ ಮನೆಯಲ್ಲಿ ಸತ್ಯವೇದದಷ್ಟೇ ಸವೆದಿತ್ತು. ಅವರು ಹೇಳುವ ದೇವಶಾಸ್ತ್ರವೆಲ್ಲ ಕಡೆಗೆ ಒಂದು ಶಬ್ದಕ್ಕೆ ಬಂದು ನಿಲ್ಲುತ್ತಿತ್ತು. ನನಗೂ ಅದೇ ಬೇಕಾಗಿತ್ತು.

ಉದಾಹರಣೆಗೆ 'ವ್ಯಕ್ತಿ'. ಮೂವರು ವ್ಯಕ್ತಿಗಳು, ಒಬ್ಬನೇ ದೇವರು ಎಂದು ನಾವು ಬಾಯಿಪಾಠ ಮಾಡಿದ್ದೆವು. ಮೂವರು ವ್ಯಕ್ತಿಗಳೆಂದರೆ ನನಗೆ ಸ್ಟೇಟ್‌ಬ್ಯಾಂಕಿನ ಹತ್ತಿರ ಬಸ್ಸಿಗೆ ಕಾಯುವ ಮೂವರೇ ಕಣ್ಣಿಗೆ ಬರುತ್ತಿದ್ದರು. ಲ್ಯಾಟಿನ್ನಿನಲ್ಲಿ ತೆರ್ತುಲ್ಲಿಯನ್ ಬಳಸಿದ ಮಾತು 'ಪೆರ್ಸೋನಾ'. ನಾಟಕದ ಮುಖವಾಡಕ್ಕೂ ಪಾತ್ರಕ್ಕೂ ಅದೇ ಹೆಸರು. ಗ್ರೀಕರಿಗೆ ಆ ಮಾತು ಕೇಳಿದರೆ ಸಬೆಲ್ಲಿಯಸ್ಸನ ವೇಷದ ವಾಸನೆ ಬಡಿಯುತ್ತಿತ್ತು. ಅವರು 'ಹುಪೊಸ್ತಾಸಿಸ್' ಎಂದರು. ಅದು ಲ್ಯಾಟಿನ್ನಿನವರ ಕಿವಿಗೆ 'ಮೂರು ತತ್ತ್ವಗಳು' ಎಂದು ಬಿತ್ತು, ಅಂದರೆ ಮೂರು ದೇವರು. ಇಬ್ಬರೂ ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ, ಜಗಳ ಅನುವಾದದ್ದು. ಕನ್ನಡದ ವ್ಯಕ್ತಿಯಲ್ಲಿ 'ವ್ಯಕ್ತವಾಗುವುದು' ಅಡಗಿದೆ, ಬಸ್ ಸ್ಟಾಪನ್ನು ಮರೆತು ಅದನ್ನು ಹಿಡಿದುಕೋ ಎಂದರು ಅಯ್ಯನವರು. ಪ್ರಯತ್ನಪಟ್ಟೆ. ಬಸ್ ಸ್ಟಾಪು ಪೂರ್ತಿ ಹೋಗಲಿಲ್ಲ.

325ರಲ್ಲಿ ನೈಸಿಯಾದಲ್ಲಿ ಕೂಡಿದ ಬಿಷಪರ ಮುಂದಿದ್ದದ್ದು ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ಸನ ವಾದ. ಮಗ ಎಷ್ಟೇ ದೊಡ್ಡವನಾದರೂ ತಂದೆಯಿಂದ ಉಂಟಾದವನು. ಆದ್ದರಿಂದ ಅವನು ಇಲ್ಲದ ಒಂದು ಹೊತ್ತು ಇದ್ದೇ ಇತ್ತು. ಕೇಳಲು ಎಷ್ಟು ನೆಟ್ಟಗಿದೆ! ನಾನಾಗಿದ್ದರೆ ಅವನ ಕಡೆಗೇ ಓಟು ಹಾಕುತ್ತಿದ್ದೆ ಎಂದು ಅಯ್ಯನವರಿಗೆ ಹೇಳಿದೆ. ಅವರು ಅಥನೇಸಿಯಸ್ಸನ ಉತ್ತರ ಹೇಳಿದರು. ಮಗ ಇಲ್ಲದ ಹೊತ್ತಿತ್ತು ಎಂದರೆ ಆ ಹೊತ್ತಿನಲ್ಲಿ ತಂದೆಯೂ 'ತಂದೆ' ಆಗಿರಲಿಲ್ಲ. ಹಾಗಾದರೆ ತಂದೆತನ ದೇವರಿಗೆ ಆಮೇಲೆ ಅಂಟಿದ್ದಾ? ಅಂದು ತಲೆಯಾಡಿಸಿ ಬಂದೆ, ಅಷ್ಟೆ. 1979ರಲ್ಲಿ ಲೇಡಿ ಗೋಷನ್ ಆಸ್ಪತ್ರೆಯ ವರಾಂಡದಲ್ಲಿ ನರ್ಸು ಬಂದು ಹೆಣ್ಣು ಮಗು ಎಂದಾಗ ಪಕ್ಕದಲ್ಲಿ ಕೂತಿದ್ದ ಅಪ್ಪ ನನ್ನ ಬೆನ್ನು ತಟ್ಟಿ, "ಇವತ್ತು ನೀನೂ ಹುಟ್ಟಿದೆ" ಎಂದರು. ಅಥನೇಸಿಯಸ್ಸನ ಹೆಸರನ್ನೇ ಕೇಳದ ಮನುಷ್ಯ. ನಾವು ಮನುಷ್ಯರು ಒಂದು ದಿನ ಅಪ್ಪ ಆಗುತ್ತೇವೆ. ದೇವರು ಹಾಗೆ ಆದವನಲ್ಲ ಎನ್ನುವುದಕ್ಕಾಗಿ ಆ ಬಿಷಪರು ಅಷ್ಟು ಹೊಡೆದಾಡಿದ್ದು.

ನೈಸಿಯಾದವರು ಆರಿಸಿದ ಶಬ್ದ 'ಹೊಮೊಊಸಿಯೊಸ್', ಒಂದೇ ಸತ್ವದವನು. ಮುಂದಿನ ದಶಕಗಳಲ್ಲಿ ಕೆಲವರು ರಾಜಿಗೆಂದು ನಡುವೆ ಒಂದು 'ಇ' ಸೇರಿಸಿ 'ಹೊಮೊಇಊಸಿಯೊಸ್' ಅಂದರು, ಹೋಲುವ ಸತ್ವದವನು. ಒಂದು ಅಕ್ಷರಕ್ಕೆ ಸಾಮ್ರಾಜ್ಯವೇ ಕದಡಿತು ಎಂದು ನಗುವವರಿದ್ದಾರೆ. ಪ್ರೂಫ್ ನೋಡಿದವನಿಗೆ ನಗು ಬರುವುದಿಲ್ಲ. ಒಂದು ಸೊನ್ನೆ ಬಿಟ್ಟುಹೋಗಿ 'ದಂಡ' 'ದಡ' ಆದದ್ದನ್ನು ಕಂಡವನು ನಾನು.

ನನಗೆ ಬಹಳ ಇಷ್ಟವಾದದ್ದು ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದ ಶನಿವಾರ. ತಾನೂ ತಂದೆಯೂ ಒಂದು ಎಂದು ಯೇಸು ಹೇಳುವ ಜಾಗ. ಇಂಗ್ಲಿಷಿನಲ್ಲಿ 'ವನ್' ಅಂದರೆ ಮುಗಿಯಿತು. ಅದು ಒಬ್ಬನೋ ಒಂದೋ ಗೊತ್ತಾಗುವುದಿಲ್ಲ. ಗ್ರೀಕಿನಲ್ಲಿ ಇರುವುದು 'ಹೆನ್', ನಪುಂಸಕಲಿಂಗ. ಒಬ್ಬ ಎನ್ನಬೇಕಾಗಿದ್ದರೆ 'ಹೇಯ್ಸ್' ಇರಬೇಕಿತ್ತು. ತೆರ್ತುಲ್ಲಿಯನ್ ಲ್ಯಾಟಿನ್ನಿನಲ್ಲಿ ಇದನ್ನೇ ಹಿಡಿದು ವಾದ ಹೂಡಿದ: ಅಲ್ಲಿರುವುದು 'ಊನುಮ್', 'ಊನುಸ್' ಅಲ್ಲ, ಜೊತೆಗೆ ಕ್ರಿಯಾಪದ ಬಹುವಚನ. ಅಂದರೆ ಇಬ್ಬರು ಒಬ್ಬ ಆಗಿಲ್ಲ, ಒಂದು ಆಗಿದ್ದಾರೆ. ಇದನ್ನು ಕನ್ನಡಿಗನಿಗೆ ವಿವರಿಸಬೇಕೇ? ಒಬ್ಬ, ಒಂದು, ಮೂವರು, ಮೂರು, ನಮ್ಮ ಮಕ್ಕಳು ಎಣಿಸಲು ಕಲಿಯುವಾಗಲೇ ಈ ಎರಡು ಲೆಕ್ಕ ಕಲಿಯುತ್ತವೆ. ಎಷ್ಟು ಜನ ಎಂಬುದಕ್ಕೆ ಒಂದು ಉತ್ತರ, ಏನು ಎಂಬುದಕ್ಕೆ ಇನ್ನೊಂದು. ನನ್ನ ಬ್ಯಾರಿ ಗೆಳೆಯನಿಗೆ ಇದನ್ನು ಹೇಳಬೇಕೆಂದು ಮರುವಾರ ಬಂದರಿಗೆ ಹೋದೆ. ಅವನು ಮಸ್ಕತ್ತಿಗೆ ಹೋಗಿಯಾಗಿತ್ತು.

ಇನ್ನು ಶಾಸ್ತ್ರವಚನದ ಒಂದು ಪ್ರಸಂಗ. ಅಜ್ಜ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರಿಗೆ ಮೇಲಿನವರು ಯಾರೋ ಕೊಟ್ಟ ಹಳೆಯ ಇಂಗ್ಲಿಷ್ ಬೈಬಲ್ಲೊಂದು ಮನೆಯಲ್ಲಿತ್ತು, ಕಿಂಗ್ ಜೇಮ್ಸ್ ಅನುವಾದ. ಯೋಹಾನನ ಮೊದಲ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಪರಲೋಕದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಮೂವರು ಸಾಕ್ಷಿಗಳು, ಮೂವರೂ ಒಂದು ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿತ್ತು. ಇಷ್ಟು ನೇರವಾದ ಮಾತು ಬೇರೆಲ್ಲೂ ಇಲ್ಲ. ಕನ್ನಡ ಸತ್ಯವೇದ ತೆಗೆದು ನೋಡಿದೆ. ಆತ್ಮ, ನೀರು, ರಕ್ತ ಇವಿಷ್ಟೇ ಇವೆ. ಪರಲೋಕದ ಮೂವರು ನಾಪತ್ತೆ. ಕಂಪೋಸಿಟರ್ ಸಾಲು ಹಾರಿಸಿದ ಎಂದೇ ನನ್ನ ಮೊದಲ ಅನುಮಾನ!

ಹಾರಿಸಿದ್ದಲ್ಲ, ಸೇರಿಸಿದ್ದು. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಮಾತು ಇಲ್ಲವೇ ಇಲ್ಲ. ಬಂದದ್ದು ಲ್ಯಾಟಿನ್ ಕಡೆಯಿಂದ. ಯಾರೋ ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿ ಮುಂದಿನ ನಕಲುಗಾರನ ಕೈಯಲ್ಲಿ ಒಳಗೆ ಜಾರಿದ್ದಿರಬೇಕು ಎನ್ನುತ್ತಾರೆ. ಅಯ್ಯನವರ 'ಇರಲಿ'ಗಳನ್ನು ಕಂಪೋಸಿಟರ್ ಅಣ್ಣ ಸಾಲಿನೊಳಗೇ ಜೋಡಿಸಿಬಿಟ್ಟಿದ್ದರೆ ಹೇಗಾಗುತ್ತಿತ್ತೋ ಹಾಗೆ. ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಮೊದಲು ಅಚ್ಚು ಹಾಕಿಸಿದ್ದು 1516ರಲ್ಲಿ. 1519ರಲ್ಲಿ ಎರಡನೆಯ ಮುದ್ರಣ. ಎರಡರಲ್ಲೂ ಆ ಮಾತು ಬಿಟ್ಟಿದ್ದ. ಗದ್ದಲವಾಯಿತು. ಆಮೇಲೆ ಅದಿರುವ ಒಂದು ಗ್ರೀಕ್ ಪ್ರತಿ ಎಲ್ಲಿಂದಲೋ ಅವನ ಮುಂದೆ ಬಂತು. 1522ರ ಮೂರನೆಯ ಮುದ್ರಣದಲ್ಲಿ ಸೇರಿಸಿದ. ಅಲ್ಲಿಂದ ಕಿಂಗ್ ಜೇಮ್ಸಿಗೆ, ಅಲ್ಲಿಂದ ಅಜ್ಜನ ಪೆಟ್ಟಿಗೆಗೆ. ಆ ಮೂರೂ ಮುದ್ರಣ ಆದದ್ದು ಎಲ್ಲಿ ಗೊತ್ತೇ? ಬಾಸೆಲ್ಲಿನಲ್ಲಿ, ಫ್ರೋಬೆನ್ ಎಂಬವನ ಅಚ್ಚುಕೂಟದಲ್ಲಿ. ಮುನ್ನೂರು ವರ್ಷಗಳ ನಂತರ ನಮ್ಮೂರಿಗೆ ಮಿಷನರಿಗಳನ್ನೂ ಮೊಳೆಗಳನ್ನೂ ಕಳಿಸಿದ ಅದೇ ಊರು.

ಇದು ತಿಳಿದ ರಾತ್ರಿ ನನಗೆ ಸ್ವಲ್ಪ ಹೆದರಿಕೆಯಾದದ್ದು ನಿಜ. ಇಷ್ಟು ಗಟ್ಟಿ ಎಂದುಕೊಂಡ ಕಂಬವೇ ಟೊಳ್ಳಾದರೆ ಮನೆ ನಿಲ್ಲುತ್ತದೆಯೇ? ಅಯ್ಯನವರು ಮಾತ್ರ ನೆಮ್ಮದಿಯಾಗಿದ್ದರು. ನೈಸಿಯಾದ ಜಗಳವೆಲ್ಲ ಆ ಸಾಲಿನ ಹಂಗಿಲ್ಲದೆಯೇ ನಡೆದದ್ದು, ಅದಿದ್ದಿದ್ದರೆ ಅಥನೇಸಿಯಸ್ ಅದನ್ನು ಎತ್ತಿ ಬೀಸದೆ ಬಿಡುತ್ತಿದ್ದನೇ ಎಂದರು. ಸುಳ್ಳು ಸಾಕ್ಷಿಯಿಂದ ಗೆದ್ದ ಕೇಸಿಗಿಂತ ಸಾಕ್ಷಿಯಿಲ್ಲದ ಸತ್ಯ ವಾಸಿ ಎಂಬುದು ಅವರ ನಿಲುವು. ಕನ್ನಡ ಸತ್ಯವೇದದಲ್ಲಿ ಆ ಸಾಲು ಇಲ್ಲವೆಂದು ನನಗೆ ಈಗ ಒಂದು ಬಗೆಯ ಹೆಮ್ಮೆ.

ಪಂಚಾಶತ್ತಮದ ಮುಂದಿನ ಭಾನುವಾರ ತ್ರಿತ್ವದ ಭಾನುವಾರ. ನಮ್ಮಲ್ಲಿ ಅದು ಬಹಳ ಸಲ ಮಳೆ ಹಿಡಿಯುವ ಹೊತ್ತಿಗೇ ಬೀಳುತ್ತದೆ. ಹೆಂಚಿನ ಮೇಲೆ ಮಳೆ ಸುರಿದರೆ ಪ್ರಸಂಗ ಮೂರನೆಯ ಬೆಂಚಿಗೂ ಮುಟ್ಟುವುದಿಲ್ಲ. ಮುಟ್ಟಿದರೆ ಅಗಸ್ಟೀನನ ಕಥೆ: ಕಡಲ ಕರೆಯಲ್ಲಿ ಚಿಪ್ಪಿನಿಂದ ಸಮುದ್ರವನ್ನು ಗುಂಡಿಗೆ ತುಂಬುವ ಮಗು. ಆ ಕಥೆ ಹುಟ್ಟಿದ್ದು ಅವನು ಸತ್ತು ಶತಮಾನಗಳಾದ ಮೇಲೆ. ತ್ರಿತ್ವದ ಮೇಲೆ ಹದಿನೈದು ಭಾಗಗಳ ಗ್ರಂಥವನ್ನು ಜಟ್ಟಿಯ ಹಾಗೆ ಸೆಣಸಿ ಬರೆದವನನ್ನು, ಯೋಚಿಸಬೇಡ ಎಂದು ಹೇಳಲು ಸಾಕ್ಷಿಗೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಅಜ್ಜಿ ಸತ್ಯವೇದ ಕೇಳುತ್ತಿದ್ದದ್ದು ಕನ್ನಡದಲ್ಲಿ, ನಮಗೆ ಹೇಳುತ್ತಿದ್ದದ್ದು ತುಳುವಿನಲ್ಲಿ. ಮನುಷ್ಯನನ್ನು ಉಂಟುಮಾಡುವ ಮುಂಚೆ ದೇವರು 'ನಾವು' ಎಂದು ತನ್ನೊಳಗೇ ಮಾತಾಡಿಕೊಳ್ಳುವ ಜಾಗವುಂಟಲ್ಲ, ಅಲ್ಲಿ ಅವರು 'ನಮ ಮಲ್ಪುಗ' ಎನ್ನುತ್ತಿದ್ದರು. ಕನ್ನಡದ 'ನಾವು' ತುಳುವಿನಲ್ಲಿ ಎರಡು. ಕೇಳುವವನನ್ನು ಹೊರಗಿಟ್ಟರೆ 'ಎಂಕುಲು', ಸೇರಿಸಿಕೊಂಡರೆ 'ನಮ'. ಬಾಗಿಲಲ್ಲಿ ನಿಂತವನಿಗೆ 'ಎಂಕುಲು ವಣಸ್ ಮಲ್ಪುವ' ಎಂದರೆ ನಾವು ಉಣ್ಣುತ್ತೇವೆ, ನೀನು ಆಮೇಲೆ ಬಾ ಎಂದ ಹಾಗೆ. 'ನಮ ವಣಸ್ ಮಲ್ಪುಗ' ಎಂದರೆ ಕೈ ತೊಳೆದು ಬಾ ಎಂದೇ ಅರ್ಥ. ದೇವರು ಒಂಟಿಯಾಗಿದ್ದ ಹೊತ್ತಿನಲ್ಲೂ 'ನಮ' ಎನ್ನಲು ಎದುರಿಗೆ ಒಬ್ಬರಿದ್ದರು. ಇದನ್ನು ನಾನು ಯಾವ ಗ್ರಂಥದಲ್ಲೂ ಓದಿದ್ದಲ್ಲ. ಅಯ್ಯನವರಿಗೆ ಹೇಳಿದಾಗ, ವ್ಯಾಕರಣ ಅತಿಯಾಯಿತೆಂದು ನಕ್ಕರೂ ಎದ್ದು ಹೋಗಿ ಚೀಟಿಯಲ್ಲಿ ಬರೆದಿಟ್ಟುಕೊಂಡರು.

ಅಜ್ಜಿಯನ್ನು ಒಮ್ಮೆ ಅವರ ಮನೆಗೆ ಕರೆದುಕೊಂಡು ಹೋಗಿದ್ದೆ. ಜಗಲಿಯ ಗೋಡೆಯಲ್ಲಿ ರಷ್ಯದ ರುಬ್ಲ್ಯೋವ್ ಬರೆದ ಚಿತ್ರದ ಪೋಸ್ಟ್‌ಕಾರ್ಡಿಗೆ ಚೌಕಟ್ಟು ಹಾಕಿಸಿದ್ದರು. ಮಮ್ರೆಯ ಮರಗಳ ಹತ್ತಿರ ಅಬ್ರಹಾಮನ ಮನೆಗೆ ಬಂದ ಮೂವರು, ಒಂದೇ ಮೇಜಿನ ಸುತ್ತ, ತಲೆ ಬಾಗಿಸಿ. ಆ ಕಥೆಯಲ್ಲೂ ಅಬ್ರಹಾಮ ಒಮ್ಮೆ ಒಬ್ಬನಿಗೆ ಹೇಳುವಂತೆ, ಒಮ್ಮೆ ಮೂವರಿಗೆ ಹೇಳುವಂತೆ ಮಾತಾಡುತ್ತಾನೆ. ಅಯ್ಯನವರು ಎಲ್ಲ ವಿವರಿಸಿದರು. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಮೂವರಿಗೆ ಒಂದೇ ಬಟ್ಟಲಾ? ಬೆಣ್ಣೆ, ಹಾಲು, ಕರು, ಸಾರಳು ಸುಟ್ಟ ರೊಟ್ಟಿ ಎಲ್ಲ ಇತ್ತಲ್ಲ, ಎಲ್ಲಿ?" ಎಂದು ಕೇಳಿದರು. ಅಯ್ಯನವರ ಹತ್ತಿರ ಉತ್ತರ ಇರಲಿಲ್ಲ. ಅವರ ಹೆಂಡತಿ ಒಳಗಿನಿಂದ ಚಹಾ ತಂದರು.

ಹೋದ ಜೂನಿನಲ್ಲಿ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಹೊರಗೆ ಹೊಡೆಯುವ ಮಳೆ, ಕರೆಂಟಿಲ್ಲ, ಸಂಜೆಯ ಪ್ರಾರ್ಥನೆಗೆ ಅವಳೇ ಮೊಬೈಲಿನಲ್ಲಿ ಆದಿಕಾಂಡ ತೆಗೆದು ಓದಿದಳು. ಈಚಿನ ಅನುವಾದ. ದೇವರು ಎಂದಳು, ಮುಂದೆ ಸ್ಪಷ್ಟವಾಗಿ 'ರು' ಎಂದಳು. ಮತ್ತೆ 'ರು'. ಸಾಲುಸಾಲಿಗೂ 'ರು'. 1972ರಲ್ಲಿ ನಾನು ಹಾಕಿದ್ದೆಲ್ಲ ಯಾರೋ ಸದ್ದಿಲ್ಲದೆ ಮತ್ತೆ ಹಾಕಿದ್ದರು. ಕೈ ತಾನಾಗಿ ಜೇಬಿಗೆ ಹೋಯಿತು. ಮೊಬೈಲಿಗೆ ಅಂಚು ಎಲ್ಲಿದೆ ಬರೆಯಲು?

ಓದು ನಿಲ್ಲಿಸಿ ನನ್ನ ಮುಖ ನೋಡಿದಳು. "ಏನಜ್ಜಾ, ತಪ್ಪು ಓದಿದೆನಾ?"

"ಇರಲಿ," ಎಂದೆ. "ಮುಂದೆ ಓದು."